ಹಾಲ್ ಬುಕ್ ಆಗಿದೆ, ಪುಸ್ತಕ ಇನ್ನೂ ಆಗಿಲ್ಲ

ಭಾನುವಾರ ಬೆಳಗ್ಗೆ ಹತ್ತೂವರೆ ಅಂದರೆ ಬೆಂಗಳೂರಿನಲ್ಲಿ ಪುಸ್ತಕ ಬಿಡುಗಡೆಯ ಮುಹೂರ್ತ. ಚಾಮರಾಜಪೇಟೆಯ ಪರಿಷತ್ತೋ, ಜೆ.ಸಿ. ರಸ್ತೆಯ ನಯನವೋ, ಬಸವನಗುಡಿಯ ಇನ್ಯಾವುದೋ ಸಭಾಂಗಣವೋ, ಎಲ್ಲಾದರೂ ಒಂದು ಕಡೆ ಉಪ್ಪಿಟ್ಟು, ಕೇಸರಿಬಾತು ಕಾಯುತ್ತಿರುತ್ತದೆ. (ಬರೀ ಸಾಹಿತ್ಯಕ್ಕಾಗಿಯೇ ಹೋಗುತ್ತೇನೆ ಅಂತ ನಾನು ಆಣೆ ಮಾಡಲಾರೆ.) ಈ ಸಲದ್ದು ಒಬ್ಬ ಹುಡುಗನ ಮೊದಲ ಕಥಾಸಂಕಲನ. ಕಾಫಿ ಹೀರುತ್ತ ಪುಟ ತಿರುವಿದರೆ 41ನೇ ಪುಟದಲ್ಲಿ ‘ಪಸುಮೇಶ್ವರ’ ಎಂಬಾತ ಜಗಲಿಯ ಮೇಲೆ ಕೂತಿದ್ದಾನೆ!

ಯಾರೀ ಪಸುಮೇಶ್ವರ? ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ ಗೊತ್ತಿದ್ದವರಿಗೆ ಒಂದೇ ನೋಟಕ್ಕೆ ಜಾತಕ ತಿಳಿಯುತ್ತದೆ. ಕಥಾನಾಯಕಿ ಮೊದಲು ರಮ. ಕೊನೇ ಗಳಿಗೆಯಲ್ಲಿ ಅವಳು ಸುಮ ಆಗಿದ್ದಾಳೆ. ‘ಎಲ್ಲವನ್ನೂ ಬದಲಿಸು’ ಒತ್ತಿದ್ದಾರೆ. ಕಂಪ್ಯೂಟರಿಗೆ ರಮ ಹೆಂಗಸೋ, ಪರಮೇಶ್ವರನ ಹೊಟ್ಟೆಯೊಳಗಿನ ಎರಡಕ್ಷರವೋ ಹೇಗೆ ತಿಳಿಯಬೇಕು? ಯೂನಿಕೋಡಿನಲ್ಲಿ (ಈಗ ಮೊಬೈಲು, ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತ) ಒತ್ತಾಗಿ ಬರುವ ರಕಾರವೂ ಅದೇ ರ. ಹಾಗಾಗಿ ಕ್ರಮ ಹೋಗಿ ‘ಕ್ಸುಮ’, ಶ್ರಮ ಹೋಗಿ ‘ಶ್ಸುಮ’. ‘ಪೂರ್ತಿ ಪದ ಮಾತ್ರ’ ಅಂತ ಆಯ್ಕೆ ಮಾಡಿದರೂ ಕೆಲಸ ಕೆಡುತ್ತದೆ, ಯಾಕೆಂದರೆ ನಮ್ಮಲ್ಲಿ ಹೆಸರಿಗೆ ವಿಭಕ್ತಿ ಅಂಟಿಕೊಂಡೇ ಬರುತ್ತದೆ: ರಮಳ, ರಮಳಿಗೆ, ರಮಳನ್ನು. ಹೆಸರಿಗೆ ಮುಂಚೆ ಒಂದು ಖಾಲಿ ಜಾಗ ಸೇರಿಸಿ ಹುಡುಕಬಹುದು, ಆದರೆ ಉದ್ಧರಣ ಚಿಹ್ನೆಗೆ ಒರಗಿ ಕೂತ ರಮ ಆಗಲೂ ತಪ್ಪಿಸಿಕೊಳ್ಳುತ್ತಾಳೆ. ಒಂದೊಂದನ್ನೇ ಕಣ್ಣಿಟ್ಟು ನೋಡಿ ಬದಲಿಸುವುದೇ ದಾರಿ. 200 ಕಡೆ ಇದ್ದರೆ 200 ಸಲ.

ಅಷ್ಟಕ್ಕೆಲ್ಲ ಪುರುಸೊತ್ತು ಎಲ್ಲಿ? ಹಾಲ್ ಬುಕ್ ಆಗಿತ್ತಲ್ಲ!

ನನ್ನ ಸಿಟ್ಟೆಲ್ಲ ಇದೊಂದರ ಮೇಲೆಯೇ. ಮೊದಲು ಹಾಲ್, ಆಮೇಲೆ ಅತಿಥಿಗಳ ದಿನಾಂಕ, ಆಮೇಲೆ ವಾಟ್ಸ್ಯಾಪಿನಲ್ಲಿ ಆಹ್ವಾನಪತ್ರಿಕೆ, ಇದೆಲ್ಲ ಮುಗಿದ ಮೇಲೆ ಪ್ರೂಫ್, ಅಂದರೆ ಕರಡು ತಿದ್ದುವುದು. ಹೊಸಬರ ತಪ್ಪುಗಳು ಅಂತ ನಾವು ಏನೇನೋ ಪಟ್ಟಿ ಮಾಡುತ್ತೇವೆ: ಉಪಮೆ ಜಾಸ್ತಿ, ಸಂಭಾಷಣೆ ಕೃತಕ. ಅವೆಲ್ಲ ಬರೆಯುತ್ತ ಬರೆಯುತ್ತ ಹೋಗುತ್ತವೆ. ಅಚ್ಚಾಗಿ ಕೂತ ಪಸುಮೇಶ್ವರ ಹೋಗುವುದಿಲ್ಲ.

ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ಯೂನಿಕೋಡಿನಲ್ಲಿ ಬರೆದು ಕೊಡುತ್ತೀರಿ. ಡಿಟಿಪಿಯವರು ಇನ್ನೂ ಪೇಜ್‌ಮೇಕರ್ ಎಂಬ ಹಳೇ ಪುಟವಿನ್ಯಾಸದ ತಂತ್ರಾಂಶ ಬಳಸುವವರಾದರೆ ಅದನ್ನು ನುಡಿ, ಶ್ರೀಲಿಪಿಯಂಥ ಹಳೇ ಥರದ ಫಾಂಟಿಗೆ ಪರಿವರ್ತಿಸುತ್ತಾರೆ. ಅಲ್ಲಿ ಅರ್ಕಾವತ್ತು ಜಾಗ ಬದಲಿಸುತ್ತದೆ, ಉದ್ಧರಣ ಚಿಹ್ನೆ ಮಾಯವಾಗುತ್ತದೆ, ‘ಸಾಫ್ಟ್‌ವೇರ್’ ಥರದ ಪದಗಳಲ್ಲಿ ಬಿಡಿಯಾಗಿರಬೇಕಾದ ಅಕ್ಷರ ಒತ್ತಾಗಿ ಕೆಳಗಿಳಿಯುತ್ತದೆ. ‘ಕೊಡುವಾಗ ಮೂರು ಸಲ ಓದಿದ್ದೆ’ ಅಂದರೆ ಪ್ರಯೋಜನವಿಲ್ಲ. ನೀವು ಓದಿದ್ದು ಪರಿವರ್ತನೆಗೆ ಮುಂಚಿನ ಪ್ರತಿ. ಈಗ ಮೇಜಿನ ಮೇಲಿರುವುದು ಬೇರೆಯದೇ ಪಠ್ಯ, ಮೊದಲ ಅಕ್ಷರದಿಂದ ಓದಬೇಕು.

ಇನ್ನೊಂದು ಕಳ್ಳ ತಪ್ಪಿದೆ. ಅನುಸ್ವಾರದ ಸೊನ್ನೆ ಬರಬೇಕಾದಲ್ಲಿ ಕನ್ನಡ ಅಂಕಿಯ ಪೂಜ್ಯ, ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಮುಂದೆ ಇ-ಪುಸ್ತಕ ಮಾಡಹೊರಟಾಗ ಹುಡುಕಿದ ಪದವೇ ಸಿಗುವುದಿಲ್ಲ.

ಪ್ರೂಫ್ ಮೂರು ಸುತ್ತು, ಮೂರೂ ಕಾಗದದ ಮೇಲೆ. ಮೊದಲನೆಯದು ಹಸ್ತಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ. ಇದನ್ನು ಬರೆದವರೇ ಮಾಡಿದರೆ ಸಾಲದು. ಬರೆದವನ ಕಣ್ಣು ಪುಟದಲ್ಲಿ ಇರುವುದನ್ನಲ್ಲ, ತಲೆಯಲ್ಲಿ ಇರುವುದನ್ನು ಓದುತ್ತದೆ. ಇನ್ನೊಬ್ಬರು ಗಟ್ಟಿಯಾಗಿ ಓದಲಿ, ನೀವು ಬೆರಳಿಟ್ಟು ನೋಡಿ. ಎರಡನೆಯದರಲ್ಲಿ ಹಾಕಿದ ತಿದ್ದುಪಡಿ ಸರಿಯಾಗಿ ಕೂತಿದೆಯೇ ಎನ್ನುವುದರ ಜೊತೆಗೆ ಅದರ ಮೇಲಿನ ಎರಡು, ಕೆಳಗಿನ ಎರಡು ಸಾಲನ್ನೂ ಓದಬೇಕು. ಒಂದು ತಪ್ಪು ತಿದ್ದುವಾಗ ಪಕ್ಕದಲ್ಲೇ ಇನ್ನೊಂದು ಹುಟ್ಟುವುದು ಡಿಟಿಪಿಯ ಹಳೇ ಸಂಪ್ರದಾಯ. ಮೂರನೆಯದರಲ್ಲಿ ಕಥೆ ಓದಲೇಬೇಡಿ. ಪರಿವಿಡಿಯ ಪುಟಸಂಖ್ಯೆ ಹೊಂದುತ್ತದೆಯೇ, ಶೀರ್ಷಿಕೆಗಳು ಸರಿಯೇ, ಪುಸ್ತಕದ ಬೆನ್ನಿನ ಮೇಲಿನ ಹೆಸರಿಗೂ ಒಳಪುಟದ ಹೆಸರಿಗೂ ತಾಳೆ ಇದೆಯೇ, ಅಷ್ಟೇ. ‘ಮುನ್ನುಡಿ’ ಎಂಬ ಪದವೇ ‘ಮುನ್ನಡಿ’ ಆಗಿ ದೊಡ್ಡಕ್ಷರದಲ್ಲಿ ಅಚ್ಚಾಗುವುದು ಈ ಸುತ್ತನ್ನು ಬಿಟ್ಟವರ ಮನೆಯಲ್ಲೇ.

ಮುನ್ನುಡಿ ಅಂದೆನಲ್ಲ, ಹೊಟ್ಟೆಯುರಿ ಶುರುವಾಯಿತು. ಆಶಯನುಡಿ, ಹಾರೈಕೆ, ಪ್ರಕಾಶಕರ ಮಾತು, ನನ್ನ ಮಾತು, ಋಣಸಂದಾಯ. ಇದನ್ನೆಲ್ಲ ದಾಟಿ ಕಥೆ ಸಿಗುವ ಹೊತ್ತಿಗೆ ಕಾಫಿ ಆರಿರುತ್ತದೆ. ಹಿರಿಯರು ಮುನ್ನುಡಿಯನ್ನು ತಡಮಾಡಿ ಕಳಿಸುತ್ತಾರೆ, ಅದು ಅವರ ಹಕ್ಕು. ಆದರೆ ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ, ಸಾಮಾನ್ಯವಾಗಿ 16 ಪುಟಕ್ಕೆ ಒಂದು ಫಾರಂ. 96 ಪುಟ ಅಂದರೆ ಸರಿಯಾಗಿ 6 ಫಾರಂ. ಕೊನೆಯಲ್ಲಿ 4 ಪುಟದ ಮುನ್ನುಡಿ ಸೇರಿತೋ, 100 ಆಯಿತು. ಮುಂದಿನ ಫಾರಂ ತುಂಬಲು ಇನ್ನೂ 12 ಪುಟ ಬೇಕು. ಆಗ ಹಿಂದೆ ಒಂದಿಷ್ಟು ಮೆಚ್ಚುಗೆಯ ಪತ್ರಗಳು ಬಂದು ಕೂರುತ್ತವೆ. ಓದುಗರು ಅದನ್ನು ಜಂಬ ಅಂದುಕೊಳ್ಳುತ್ತಾರೆ, ಪಾಪ, ಅದು ಬರೀ ಗಣಿತ.

ಪುಟ ಹೆಚ್ಚಿದರೆ ಬೆನ್ನೂ ದಪ್ಪಗಾಗುತ್ತದೆ. 128 ಪುಟ ಅಂದರೆ 64 ಹಾಳೆ, ಮಾಮೂಲಿ 70 ಜಿಎಸ್‌ಎಂ ಕಾಗದದಲ್ಲಿ ಸುಮಾರು 6 ಮಿಲಿಮೀಟರ್. ಮುಖಪುಟ ಕಲಾವಿದರಿಗೆ ಪುಟಸಂಖ್ಯೆ ಪಕ್ಕಾ ಆಗುವ ಮೊದಲೇ ಕೆಲಸ ಕೊಟ್ಟರೆ ಬೆನ್ನಿನ ಮೇಲಿರಬೇಕಾದ ಹೆಸರು ಮುಂದಕ್ಕೆ ಜಾರುತ್ತದೆ. ಆದರೆ ಆಹ್ವಾನಪತ್ರಿಕೆಯಲ್ಲಿ ಮುಖಪುಟ ಹಾಕಬೇಕಲ್ಲ, ಹಾಲ್ ಬುಕ್ ಆಗಿದೆಯಲ್ಲ!

‘ಹೋಗಲಿ ಬಿಡಿ ಸಾರ್, ತಪ್ಪು ಮಾಡದೆ ಯಾರು ಕಲಿತರು? ಕುವೆಂಪು ಅವರೂ ಮೊದಲು ಇಂಗ್ಲಿಷಿನಲ್ಲಿ ಬರೆಯಲಿಲ್ಲವೇ?’ ಅನ್ನುತ್ತಾರೆ. ಬರೆದರು, 1922ರಲ್ಲಿ ಆ ಕವಿತೆಗಳ ಪುಸ್ತಿಕೆಯೂ ಬಂತು. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದರು. ಹುಡುಗ ಕುವೆಂಪು ಆ ಮಾತಿನಂತೆ ನಡೆದರು. ಕಸಿನ್ಸ್ ಅವರನ್ನು ವೇದಿಕೆಗೆ ಕರೆದು, ಪೇಟ ತೊಡಿಸಿ, ‘ಭರವಸೆಯ ಕವಿ’ ಅಂತ ಹೇಳಿಸಿದ್ದರೆ ಏನಾಗುತ್ತಿತ್ತೋ ನೀವೇ ಯೋಚಿಸಿ. ನಮ್ಮ ಬಿಡುಗಡೆಗಳಲ್ಲಿ ಪುಸ್ತಕದ ಬಗ್ಗೆ ಮಾತಾಡುವವರ ಕೈಗೆ ಅದು ಸಿಗುವುದೇ ಶನಿವಾರ ರಾತ್ರಿ.

ಹಕ್ಕಿನ ವಿಷಯ ಎರಡೇ ಮಾತಲ್ಲಿ ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಅಂತ, ಪ್ರದೇಶ ಬರೆಯದಿದ್ದರೆ ಭಾರತ ಅಂತ ಲೆಕ್ಕ. ‘ನಮ್ಮವರೇ, ಕಾಗದ ಯಾಕೆ’ ಅನ್ನುವವರ ಹತ್ತಿರವೇ ಕಾಗದ ಮಾಡಿಸಿಕೊಳ್ಳಿ. ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ ಅನ್ನುವುದೂ ಗೊತ್ತಿರಲಿ, ಸಾಲ ಮಾಡಿ ಸಾವಿರ ಪ್ರತಿ ಹಾಕಿಸಿ ಮಂಚದ ಕೆಳಗೆ ತುಂಬುವ ಮುಂಚೆ.

ಇಷ್ಟೆಲ್ಲ ಬರೆಯುವ ನಾನು ಅಲ್ಲಿ ಬಾಯಿ ಬಿಟ್ಟೆನೇ? ಇಲ್ಲ. ಸಾಲಿನಲ್ಲಿ ನಿಂತು, ಸಹಿ ಹಾಕಿಸಿಕೊಂಡು, ‘ಚೆನ್ನಾಗಿದೆ’ ಅಂತ ಹೇಳಿ ಬಂದೆ. ಹೇಡಿ ಅನ್ನಿ, ಬೇಜಾರಿಲ್ಲ.

ತಮ್ಮಾ, ನೀನು ಇದನ್ನು ಓದುತ್ತಿದ್ದರೆ ಕೇಳು. ಒಂದು ಪ್ರತಿಯ ಮೇಲೆ ‘ತಿದ್ದುಪಡಿ ಪ್ರತಿ’ ಅಂತ ಬರೆದು ಬೇರೆ ಇಡು, ಯಾರಿಗೂ ಕೊಡಬೇಡ. ಡಿಟಿಪಿಯವರಿಂದ ಪಿಡಿಎಫ್ ಅಷ್ಟೇ ಅಲ್ಲ, ತಿದ್ದಲು ಬರುವ ಮೂಲ ಕಡತವನ್ನೂ ಅದರ ಫಾಂಟುಗಳನ್ನೂ ಈ ವಾರವೇ ತೆಗೆದುಕೋ. ವರ್ಷ ಕಳೆದ ಮೇಲೆ ಆ ಕಂಪ್ಯೂಟರೇ ಇರುವುದಿಲ್ಲ. ಮಾರದೆ ಉಳಿದ ಪ್ರತಿಗಳಿಗೆ ಒಂದು ಪುಟ್ಟ ಒಪ್ಪೋಲೆ (ತಪ್ಪು-ಒಪ್ಪುಗಳ ಪಟ್ಟಿ) ಸೇರಿಸು. ಪಸುಮೇಶ್ವರ ಇರುವುದು 41ನೇ ಪುಟ, ಕೆಳಗಿನಿಂದ ಮೂರನೇ ಸಾಲು. ಉಳಿದವಕ್ಕೆ ಪೆನ್ಸಿಲ್ ಗುರುತು ಹಾಕಿದ್ದೇನೆ, ಇನ್‌ಬಾಕ್ಸಿಗೆ ಬಾ.