ಲೀಶ್‌ನ ಉದ್ದವೂ ನಿಯಮದಲ್ಲಿರಲಿ

ಸಾರ್ವಜನಿಕ ಸ್ಥಳಗಳಲ್ಲಿ ನಾಯಿಗೆ ಲೀಶ್, ಅಂದರೆ ಕಟ್ಟಿ ಹಿಡಿದುಕೊಳ್ಳುವ ಹಗ್ಗ, ಕಡ್ಡಾಯವಾಗಬೇಕೆಂಬ ಮಾತು ಬಂದಾಗಲೆಲ್ಲ ಸಾಕಿದವರು ಮೊದಲು ಕೊಡುವ ಉತ್ತರ ‘ನಮ್ಮದು ಯಾರಿಗೂ ಏನೂ ಮಾಡುವುದಿಲ್ಲ’ ಎಂಬುದು. ಅದು ನಿಜವೇ ಇರಬಹುದು. ಆದರೆ ಎದುರಿನಿಂದ ಬರುವ ಅಪರಿಚಿತರಿಗೆ ಆ ನಾಯಿಯ ಸ್ವಭಾವ ತಿಳಿದಿರುವುದಿಲ್ಲ, ತಿಳಿದುಕೊಳ್ಳುವ ಹೊಣೆಯೂ ಅವರದಲ್ಲ. ಅದು ಪ್ರೀತಿಯಿಂದಲೇ ಮೈಮೇಲೆ ಹಾರಿದರೂ ಊರುಗೋಲು ಹಿಡಿದು ನಡೆಯುವ ವೃದ್ಧರು ಬೀಳುವುದು ತಪ್ಪುವುದಿಲ್ಲ.

ಲೀಶ್ ಇದ್ದರಷ್ಟೇ ಸಾಲದು, ಅದರ ಉದ್ದವನ್ನೂ ನಿಯಮವೇ ಹೇಳಬೇಕೆಂಬುದು ನನ್ನ ಅಭಿಪ್ರಾಯ. ನಾಯಿ ಮುಂದೆ ಹೋದಂತೆಲ್ಲ ಹಿಡಿಕೆಯೊಳಗಿನಿಂದ ಬಿಚ್ಚಿಕೊಳ್ಳುವ ಲೀಶ್‌ಗಳಲ್ಲಿ 5 ಮೀಟರ್, 8 ಮೀಟರ್ ಉದ್ದದವೂ ಇವೆ. ಅಷ್ಟು ದೂರದಲ್ಲಿರುವ ನಾಯಿ ಹಠಾತ್ತನೆ ರಸ್ತೆಗಿಳಿದರೆ ಮಾಲೀಕರು ಅದನ್ನು ಹಿಂದಕ್ಕೆಳೆಯುವಷ್ಟರಲ್ಲಿ ಆಗಬಾರದ್ದು ಆಗಿಹೋಗಿರುತ್ತದೆ. ಅದರ ತೆಳ್ಳನೆಯ ದಾರ ಸೈಕಲ್ ಸವಾರರ ಕಣ್ಣಿಗೆ ಬೀಳುವುದಿಲ್ಲ, ರಭಸದಿಂದ ಸುತ್ತಿಕೊಂಡರೆ ಬೆರಳನ್ನು, ಕಾಲನ್ನು ಕೊಯ್ಯುವುದೂ ಉಂಟು. ಜನರು ಓಡಾಡುವ ಕಡೆ 2 ಮೀಟರ್‌ಗಿಂತ ಹೆಚ್ಚು ಬೇಡ.

ಮಲ ಎತ್ತುವ ವಿಷಯದಲ್ಲಂತೂ ‘ಒಣಗಿ ಗೊಬ್ಬರವಾಗುತ್ತದೆ ಬಿಡಿ’ ಎಂಬ ಸಮಾಧಾನ ಎಲ್ಲೆಡೆ ಕೇಳಿಬರುತ್ತದೆ. ನಾಯಿಯ ಕರುಳಿನಲ್ಲಿರುವ ಟಾಕ್ಸೋಕಾರಾ ಎಂಬ ಜಂತುಹುಳುವಿನ ಮೊಟ್ಟೆಗಳು ಮಲದೊಂದಿಗೆ ಹೊರಬಿದ್ದ ಕೂಡಲೇ ಸೋಂಕು ತಗಲಿಸುವುದಿಲ್ಲ. ಸಾಮಾನ್ಯವಾಗಿ 2ರಿಂದ 4 ವಾರ ಮಣ್ಣಿನಲ್ಲಿ ಬಲಿತ ನಂತರವೇ ಅವು ಅಪಾಯಕಾರಿಯಾಗುತ್ತವೆ, ಆಮೇಲೆ ವರ್ಷಗಟ್ಟಲೆ ಉಳಿಯಬಲ್ಲವು. ಮಣ್ಣಾಡಿದ ಮಗು ಬೆರಳನ್ನು ಬಾಯಿಗಿಟ್ಟರೆ ಹೊಟ್ಟೆ ಸೇರುವ ಈ ಮೊಟ್ಟೆಗಳಿಂದ, ಅಪರೂಪಕ್ಕಾದರೂ, ಕಣ್ಣಿನ ದೃಷ್ಟಿಗೇ ಕುತ್ತು ಬರುತ್ತದೆ. ಅಂದರೆ ಅಂದಂದೇ ಎತ್ತಿದರೆ ಬಲಿಯುವ ಮೊದಲೇ ಅಪಾಯ ತೊಲಗುತ್ತದೆ; ಬಿಟ್ಟರೆ ಮಲ ಕಣ್ಮರೆಯಾಗುವ ಹೊತ್ತಿಗೆ ಅದು ಮಣ್ಣಿನಲ್ಲಿ ಬೇರೂರಿರುತ್ತದೆ. ಶ್ರದ್ಧೆಯಿಂದ ಚೀಲಕ್ಕೆ ತುಂಬಿ, ಗಂಟು ಹಾಕಿ, ಅದೇ ಚೀಲವನ್ನು ಪೊದೆಯೊಳಗೆ ಎಸೆದು ಹೋಗುವವರ ತರ್ಕ ಮಾತ್ರ ನನಗೆ ಇಂದಿಗೂ ಅರ್ಥವಾಗಿಲ್ಲ.

ನಿಯಮ ಮಾಡುವವರೂ ಫಲಕ ನೆಟ್ಟು ಕೈತೊಳೆದುಕೊಳ್ಳಬಾರದು. ದಾರಿಯುದ್ದಕ್ಕೂ ಒಂದು ಕಸದ ಡಬ್ಬಿಯೂ ಇಲ್ಲದ ಕಡೆ ದಂಡ ವಿಧಿಸುವುದು ನ್ಯಾಯವಲ್ಲ. ಅಂಧರಿಗೆ ದಾರಿ ತೋರುವ ನಾಯಿಗಳಿಗೆ ಪ್ರವೇಶ ನಿಷೇಧದಿಂದ ವಿನಾಯಿತಿ ಇರಲೇಬೇಕು. ಇನ್ನು ತಳಿಯ ಹೆಸರಿನಲ್ಲಿ ನಿಷೇಧ ಹೇರುವುದರಲ್ಲಿ ನನಗೆ ನಂಬಿಕೆಯಿಲ್ಲ, ಏಕೆಂದರೆ ಮಿಶ್ರತಳಿಯ ನಾಯಿಯನ್ನು ನೋಟದಿಂದ ಗುರುತಿಸುವಾಗ ತಿಳಿದವರೂ ತಪ್ಪುತ್ತಾರೆ. ಅದರ ಬದಲು ನಾಯಿಗಳು ಲೀಶ್ ಇಲ್ಲದೆ ಓಡಾಡಲು ಬೇಲಿ ಹಾಕಿದ ಜಾಗವೊಂದನ್ನು ಮಾಡಿಕೊಡಲಿ. ಒಬ್ಬರು ಒಳಬರುವಾಗ ಇನ್ನೊಬ್ಬರ ನಾಯಿ ಹೊರಕ್ಕೆ ನುಸುಳದಂತೆ ಅದಕ್ಕೆ ಒಂದರ ಹಿಂದೊಂದು ಎರಡು ಗೇಟುಗಳಿರಲಿ.