ಬ್ಯಾಗು ಯಾರ ಮನೆಯಲ್ಲಿದೆ?

ನಮ್ಮೂರು ಸಾಗರ ತಾಲ್ಲೂಕಿನ ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಹಿನ್ನೀರು ಸುತ್ತಿಕೊಂಡು ಊರು ದ್ವೀಪದ ಹಾಗಾಯಿತು. ಈಗ ನಾನಿರುವುದು ನಿಜವಾದ ದ್ವೀಪದಲ್ಲಿ, ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ಲೂಯಿಸ್‌ನಲ್ಲಿ.

ಊರಲ್ಲಿ ಅಡಿಕೆ ಮರದಿಂದ ಬೀಳುತ್ತಾರೆ, ಕಳೆ ಕೊಚ್ಚುವ ಮಿಷನ್ನಿಗೆ ಕಾಲು ಸಿಗುತ್ತದೆ. ಇಲ್ಲಿ ಕುರಿ ಹುಡುಕುತ್ತ ಗುಡ್ಡ ಹತ್ತಿದ ನಾಲ್ಕು ಚಕ್ರದ ಬೈಕು ಮಗುಚುತ್ತದೆ, ದೋಣಿಯ ಹಗ್ಗಕ್ಕೆ ಬೆರಳು ಹೋಗುತ್ತದೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ತೋಟದ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವ, ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಬಿದ್ದ. ನಾಲ್ಕು ಜನ ಕೈಕಾಲು ಹಿಡಿದೆತ್ತಿ ಜೀಪಿಗೆ ಹಾಕಿದರು. ಹಿನ್ನೀರು ದಾಟಿಸುವ ಆ ದಿನದ ಕೊನೆಯ ಲಾಂಚು ಹೋಗಿಯಾಗಿತ್ತು. ಕೋಗಾರು, ಕಾರ್ಗಲ್ ಸುತ್ತಿ ಸಾಗರ ಮುಟ್ಟುವಷ್ಟರಲ್ಲಿ ಅವನ ಮೈ ತಣ್ಣಗಾಗಿತ್ತು. ಲಾಂಚು ಸಿಕ್ಕಿದ್ದರೆ ಬದುಕುತ್ತಿದ್ದ ಎಂದೇ ಬಹಳ ವರ್ಷ ನಂಬಿದ್ದೆ.

ಇಲ್ಲಿ ಬಂದು ಆಂಬುಲೆನ್ಸ್ ಸೇವೆಯ ಸ್ವಯಂಸೇವಕನಾಗಿ ತರಬೇತಿ ಪಡೆದೆ. ಎತ್ತರದಿಂದ ಬಿದ್ದವರ ಸೊಂಟದ ಮೂಳೆ ಮುರಿದಿದ್ದರೆ ರಕ್ತ ಒಳಗೇ ಸೋರುತ್ತದೆ, ಅಲುಗಾಡಿಸಿದಷ್ಟೂ ಹೆಚ್ಚುತ್ತದೆ. ಅಗಲ ಪಟ್ಟಿಯೊಂದನ್ನು ಬಿಗಿದು ಮಲಗಿದ ಹಾಗೇ ಸಾಗಿಸಬೇಕು. ಪಾಠ ಕೇಳುವಾಗ ಕಣ್ಣ ಮುಂದೆ ಬಂದದ್ದು ಆ ಜೀಪು.

ಇಲ್ಲಿ ರೋಗಿಗಳನ್ನು ಒಯ್ಯುವ ಹೆಲಿಕಾಪ್ಟರನ್ನು ಕಂಡು ನಮ್ಮವರು ಬೆರಗಾಗುತ್ತಾರೆ. 1933ರಲ್ಲೇ ಐಲಾ ದ್ವೀಪದ ಮೀನುಗಾರನೊಬ್ಬನನ್ನು ವಿಮಾನದಲ್ಲಿ ಗ್ಲಾಸ್ಗೋಗೆ ಒಯ್ದಿದ್ದರು, ನಿಜ. ನನ್ನ ಮಟ್ಟಿಗೆ ದೊಡ್ಡದು ಅದಕ್ಕೂ ಹಿಂದಿನದು. ಸರ್ಕಾರ ನೇಮಿಸಿದ 1912ರ ಡ್ಯೂವರ್ ಸಮಿತಿ ದ್ವೀಪಗಳ ಕಷ್ಟವನ್ನು ಜನರ ಬಾಯಿಂದಲೇ ಕೇಳಿತು: ದೂರ ಹೆಚ್ಚಿದಷ್ಟೂ ಡಾಕ್ಟರ ಫೀಸು ಹೆಚ್ಚು, ಕೈಯಲ್ಲಿ ಕಾಸಿಲ್ಲದ ರೈತ ಕರೆಸುವುದೇ ಇಲ್ಲ. ಮರುವರ್ಷವೇ ಸರ್ಕಾರ ಅನುದಾನ ಕೊಟ್ಟು, ದೂರದ ಹೊರೆಯನ್ನು ರೋಗಿಯ ತಲೆಯಿಂದ ಇಳಿಸಿತು. ಬ್ರಿಟನ್ನಿನ ಎಲ್ಲರಿಗೂ ಉಚಿತ ಆರೋಗ್ಯ ಸೇವೆ ಬಂದದ್ದು 1948ರಲ್ಲಿ. ಮೊದಲು ದಾರಿ ತೋರಿದ್ದು ಮೂಲೆಯ ಊರುಗಳು.

ಇನ್ನೊಂದು, ಬ್ಯಾಗು. ಹಳ್ಳಿಯ ಡಾಕ್ಟರು, ನರ್ಸುಗಳಿಗೆ ಸ್ಯಾಂಡ್‌ಪೈಪರ್ ಎಂಬ ಟ್ರಸ್ಟು ತುರ್ತು ಚಿಕಿತ್ಸೆಯ ಬ್ಯಾಗು ಕೊಡುತ್ತದೆ. ಮಂಜು ಕವಿದರೆ ಹೆಲಿಕಾಪ್ಟರ್ ಹಾರುವುದಿಲ್ಲ. ಆ ಹೊತ್ತಿಗೆ ಗಾಯಾಳುವಿಗೆ ಇರುವುದು ಆ ಬ್ಯಾಗು, ಅದನ್ನು ಬಳಸಬಲ್ಲ ಎರಡು ಕೈ.

ನಮ್ಮಲ್ಲಿ 2008ರಿಂದ 108 ಇದೆ, ಅದೂ ಉಚಿತ. 2025ರ ಜುಲೈಯಲ್ಲಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆಯೂ ಆಯಿತು. ಫೋನಿನಲ್ಲಿ ಅಣ್ಣ ಅತ್ತೇಬಿಟ್ಟ. ಆದರೆ ಸೇತುವೆ ಬಂದಮೇಲೆ ಇನ್ನೇನು ಬೇಕು ಅನ್ನುವ ಮಾತನ್ನು ನಾನು ಒಪ್ಪಲಾರೆ. ತೋಟದಿಂದ ರಸ್ತೆಗೆ ಬರುವ ಆ ಅರ್ಧ ಗಂಟೆಗೆ ಸೇತುವೆಯಿಲ್ಲ. ಊರಿಗಿಬ್ಬರು ಕೊನೆಗೌಡರಿಗೆ, ಆಶಾ ಕಾರ್ಯಕರ್ತೆಗೆ, ಜೀಪಿನ ಡ್ರೈವರಿಗೆ ತರಬೇತಿ ಕೊಟ್ಟು, ಬ್ಯಾಗು ಯಾರ ಮನೆಯಲ್ಲಿದೆ ಎಂದು ಊರಿಗೆಲ್ಲ ಗೊತ್ತಾಗುವಂತೆ ಸರ್ಕಾರವೇ ಮಾಡಬೇಕು. ಅದಕ್ಕೆ ಸೇತುವೆಯಷ್ಟು ದುಡ್ಡು ಬೇಡ.

ಕಳೆದ ಸಲ ಊರಿಗೆ ಹೋದಾಗ ಜಗುಲಿಯ ಮೇಲೆ ಅಣ್ಣನನ್ನೇ ಮಲಗಿಸಿ, ಮಡಚಿದ ಪಂಚೆಯನ್ನು ಆ ಅಗಲ ಪಟ್ಟಿಯ ಹಾಗೆ ಕಟ್ಟುವುದನ್ನು ತೋರಿಸಿದೆ. ಈಗಿನ ಕೊನೆಗೌಡ ಹೊಟ್ಟೆಯ ಮಟ್ಟಕ್ಕೆ ಕಟ್ಟಿದ. ಕೆಳಗೆ ಸರಿಸಿದೆ.

“ಇಷ್ಟು ಕೆಳಗಾ ಭಟ್ರೇ? ಇದು ತೊಡೆ ಅಲ್ದಾ?”

“ತೊಡೆಯ ಮೂಳೆ ಪಕ್ಕಕ್ಕೆ ಉಬ್ಬಿರ್ತದಲ್ಲ, ಅಲ್ಲೇ.”

ಬಿಚ್ಚಿ ಮತ್ತೆ ಕಟ್ಟಿದ. ಮೂರನೇ ಸಲ ನಾನು ಕೈ ಹಾಕಬೇಕಾಗಲಿಲ್ಲ.