ಇನ್ನೂ ಇಲ್ಲೇ ಇದ್ದೀರಾ?

ಬೀಳ್ಕೊಡುಗೆ ಮಾಡಿಸಿಕೊಂಡವರು ಮರ್ಯಾದೆಯಾಗಿ ಹೊರಟುಬಿಡಬೇಕು. ಊಟ ಹಾಕಿ, ಉಡುಗೊರೆ ಕೊಟ್ಟು, ಫೋಟೋ ತೆಗೆಸಿಕೊಂಡು, "ಅಲ್ಲಿಗೆ ಹೋದ ಮೇಲೆ ನಮ್ಮನ್ನ ಮರೀಬೇಡಿ" ಅಂತ ಕಣ್ಣೊರೆಸಿಕೊಂಡು ಕಳಿಸಿಕೊಟ್ಟ ಜನ ಅವರು. ಮುಂದಿನ ವಾರ ನೀವು ತರಕಾರಿ ಗಾಡಿ ಹತ್ತಿರ ಕೊತ್ತಂಬರಿ ಸೊಪ್ಪಿಗೆ ಚೌಕಾಸಿ ಮಾಡುತ್ತಾ ಸಿಕ್ಕರೆ ಅವರಿಗೆ ಹೇಗಾಗಬೇಡ? ಮೊದಲು ಮುಖದಲ್ಲಿ ಒಂದು ನಗು ಬರುತ್ತದೆ. ಆಮೇಲೆ ಅನುಮಾನ. ಆಮೇಲೆ ಆ ಪ್ರಶ್ನೆ. "ಅಯ್ಯೋ, ಇನ್ನೂ ಇಲ್ಲೇ ಇದ್ದೀರಾ?"

ಇದ್ದೀನಿ ಕಣ್ರೀ. ಏನು ಮಾಡಲಿ, ವೀಸಾ ಬಂದಿಲ್ಲ.

ನನಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ. ನನಗೆ. ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಕೈ ಕುಲುಕುವುದು ನನ್ನ ಗಂಡನಿಗೆ. ಮೊದಮೊದಲು ಅವನು "ಕೆಲಸ ಅವಳಿಗೆ ಸರ್, ನಾನು ಸುಮ್ನೆ ಜೊತೆಗೆ ಹೋಗೋನು" ಅನ್ನುತ್ತಿದ್ದ. ಈಗ ಸಾಕಾಗಿ "ಥ್ಯಾಂಕ್ಸ್ ಸರ್" ಅನ್ನುತ್ತಾನೆ. ನನ್ನದು ಬ್ಲೂ ಕಾರ್ಡ್ ಅರ್ಜಿ, ಅಂದರೆ ಹೊರದೇಶದ ಪದವೀಧರರು ಯುರೋಪಿನಲ್ಲಿದ್ದು ಕೆಲಸ ಮಾಡಲು ಕೊಡುವ ಪರವಾನಗಿ. ಬ್ಲೂ ಕಾರ್ಡ್‌ನವರ ಜೊತೆ ಹೋಗುವ ಗಂಡನೋ ಹೆಂಡತಿಯೋ ಜರ್ಮನ್ ಭಾಷೆಯ ಪರೀಕ್ಷೆ ಪಾಸು ಮಾಡಬೇಕಾಗಿಲ್ಲ, ಅಲ್ಲಿ ಕೆಲಸಕ್ಕೂ ಸೇರಬಹುದು. ಇದನ್ನು ಅತ್ತೆಗೆ ಹೇಳಿದೆವು. ಅದು ನೆಂಟರಿಷ್ಟರಿಗೆ ತಲುಪುವ ಹೊತ್ತಿಗೆ "ನಮ್ಮ ಹುಡುಗನಿಗೆ ಪರೀಕ್ಷೆಯೂ ಇಲ್ಲದೆ ಜರ್ಮನಿ ಕೊಟ್ಟರಂತೆ" ಅಂತಾಗಿತ್ತು.

ಊರಿಗೆಲ್ಲ ಸುದ್ದಿ ಹಂಚಿದ್ದೂ ಅತ್ತೆಯೇ. ಆಫರ್ ಲೆಟರ್‌ನ ಎರಡನೇ ಪುಟ ನಾನಿನ್ನೂ ಓದಿರಲಿಲ್ಲ, ಅಷ್ಟರಲ್ಲಿ ಭದ್ರಾವತಿಯಿಂದ ಒಬ್ಬರು ಫೋನ್ ಮಾಡಿ ಅಲ್ಲಿ ಬೇಳೆ ಸಿಗುತ್ತಾ ಅಂತ ವಿಚಾರಿಸಿಕೊಂಡರು. ಆಮೇಲೆ ಪಂಚಾಂಗ ತೆಗೆದು, ಆಷಾಢದಲ್ಲಿ ಹೊರಡುವುದು ಬೇಡ, ಶ್ರಾವಣ ಹುಟ್ಟಲಿ ಅಂತ ಅತ್ತೆ ತೀರ್ಮಾನ ಮಾಡಿದರು. ಆಷಾಢ ಹೋಯಿತು, ಶ್ರಾವಣವೂ ಬಂತು. ಬರಬೇಕಾದ್ದು ಮಾತ್ರ ಬರಲಿಲ್ಲ.

ಇಲ್ಲಿಯ ಕಂಪನಿಗಳ ನೋಟಿಸ್ ಪೀರಿಯಡ್ ನಿಮಗೆ ಗೊತ್ತೇ ಇದೆ, ಮೂರು ತಿಂಗಳು. ವೀಸಾ ಬಂದ ಮೇಲೆ ರಾಜೀನಾಮೆ ಕೊಡೋಣ ಅಂದರೆ ಅಲ್ಲಿಯವರು ಕಾಯುವುದಿಲ್ಲ, ಮೊದಲೇ ಕೊಟ್ಟರೆ ಇಲ್ಲಿಯವರು ಕೇಕ್ ಕತ್ತರಿಸಿ, ಲ್ಯಾಪ್‌ಟಾಪ್ ಕಿತ್ತುಕೊಂಡು, ಗೇಟಿನವರೆಗೂ ಬಂದು ಕಳಿಸಿಬಿಡುತ್ತಾರೆ. ನನ್ನನ್ನು ಕಳಿಸಿಯೂ ಆಯಿತು. ಮನೆ ಓನರ್ ಬಾಲ್ಕನಿಗೆ ಟು-ಲೆಟ್ ಬೋರ್ಡ್ ಕಟ್ಟಿದ್ದಾರೆ. ನಾನು ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೇ ಯಾರೋ ಮನೆ ನೋಡಲು ಬರುತ್ತಾರೆ. ಮೊನ್ನೆ ಬಂದಾಕೆ ನನ್ನ ಸಿಂಕಿನ ಕೆಳಗೆ ಬಗ್ಗಿ ನೋಡಿ, "ಜಿರಳೆ ಕಾಟ ಇದ್ಯಾ?" ಅಂತ ಕೇಳಿದರು. ನಿಜ ಹೇಳಿದರೆ ಓನರ್‌ಗೆ ಕೋಪ, ಸುಳ್ಳು ಹೇಳಿದರೆ ನನಗೆ ಪಾಪ. "ಈಗಂತೂ ನಾವಿದ್ದೀವಿ" ಅಂದೆ.

ಸಾಮಾನೂ ಮಾರಿ ಆಗಿದೆ. ಸೋಫಾ, ಮಂಚ, ವಾಷಿಂಗ್ ಮಷಿನ್ ಎಲ್ಲ ಹೋಯಿತು. ಫ್ರಿಜ್ಜನ್ನು ಪಕ್ಕದ ಮನೆಯವರೇ ತಗೊಂಡರು. ಹೀಗಾಗಿ ಈಗ ದೋಸೆ ಹಿಟ್ಟು ರುಬ್ಬಿದರೆ, ಡಬ್ಬಿ ಹಿಡಿದು ಪಕ್ಕದ ಮನೆಯ ಬೆಲ್ ಒತ್ತಿ, "ಆಂಟಿ, ಸ್ವಲ್ಪ ಜಾಗ ಇದ್ಯಾ?" ಅಂತ ಕೇಳಬೇಕು. ಬಾಗಿಲಿಗೆ ನಾನು ಮಡಿಕೇರಿಯಿಂದ ತಂದ ಆನೆ ಮ್ಯಾಗ್ನೆಟ್ ಇನ್ನೂ ಅಂಟಿಕೊಂಡಿದೆ. "ಕೆಳಗಿನ ತಟ್ಟೆಯಲ್ಲಿ ಇಡಮ್ಮಾ, ಮೇಲೆ ಜಾಸ್ತಿ ತಂಡಿ ಆಗುತ್ತೆ" ಅಂತ ಆಂಟಿ ನನಗೆ ಹೇಳಿಕೊಡುತ್ತಾರೆ. ನನ್ನ ಫ್ರಿಜ್ಜಿನ ಬಗ್ಗೆ, ನನಗೆ!

ಇದನ್ನೆಲ್ಲ ತಡೆದುಕೊಳ್ಳಬಹುದು. ಬ್ಯಾಂಕ್ ಅಂಕಲ್ ಒಬ್ಬರನ್ನು ತಡೆದುಕೊಳ್ಳೋಕೆ ಆಗುತ್ತಿಲ್ಲ.

ನಾಲ್ಕನೇ ಮಹಡಿಯವರು. ಸಾಲ ಕೊಡುವ ವಿಭಾಗದಲ್ಲೇ ಸರ್ವೀಸ್ ಮುಗಿಸಿ ರಿಟೈರ್ ಆದವರು. ಎದುರಿಗಿರುವವರು ಏನನ್ನೋ ಮುಚ್ಚಿಡುತ್ತಿದ್ದಾರೆ ಅಂತ ತಿಳಿದುಕೊಂಡೇ ಮಾತು ಶುರು ಮಾಡುತ್ತಾರೆ. ಬೆಳಗ್ಗೆ ಲಿಫ್ಟಿನ ಬಾಗಿಲು ತೆರೆದರೆ ಕಂಕುಳಲ್ಲಿ ಪೇಪರ್ ಮಡಚಿ ಇಟ್ಟುಕೊಂಡು ನಿಂತಿರುತ್ತಾರೆ.

"ಏನಮ್ಮಾ, ಬಂತಾ?"

"ಇಲ್ಲ ಅಂಕಲ್."

"ಹ್ಞೂಂ."

ಆ ಹ್ಞೂಂ ಇದೆಯಲ್ಲ, ಅದು ನನ್ನ ನಿದ್ದೆ ಕೆಡಿಸಿದೆ. ಎಷ್ಟು ಜನರ ಅರ್ಜಿಯನ್ನು ಅದೊಂದೇ ಹ್ಞೂಂನಲ್ಲಿ ವಾಪಸ್ ಕಳಿಸಿದ್ದಾರೋ! ಲಿಫ್ಟ್ ಕೆಳಗೆ ಇಳಿಯುವಷ್ಟರಲ್ಲಿ ವಿಚಾರಣೆ ಮುಗಿದಿರುತ್ತದೆ. ಒರಿಜಿನಲ್ ಡಿಗ್ರಿ ಸರ್ಟಿಫಿಕೇಟ್ ಇತ್ತಾ? ಪಾಸ್ ಆದ ವರ್ಷ ಯಾವುದು? ಬ್ಯಾಕ್ ಏನಾದ್ರೂ ಇತ್ತಾ? "ಇರ್ಲಿಲ್ಲ ಅಂಕಲ್." "ಹ್ಞೂಂ."

ಡಿಗ್ರಿಯ ಮಾತು ಬಂದಾಗ ಅನಾಬಿನ್ ವಿಷಯ ಹೇಳಿಬಿಟ್ಟೆ. ಅದು ಜರ್ಮನಿಯವರು ಇಟ್ಟುಕೊಂಡಿರುವ ಪಟ್ಟಿ. ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳನ್ನು ಬರೆದಿಟ್ಟು, ಎದುರಿಗೆ ಎಚ್ ಪ್ಲಸ್, ಎಚ್ ಮೈನಸ್ ಅಂತ ಗುರುತು ಹಾಕಿದ್ದಾರೆ. ಪ್ಲಸ್ ಇದ್ದರೆ ಬಚಾವ್. ಪ್ಲಸ್ಸೂ ಮೈನಸ್ಸೂ ಎರಡೂ ಹಾಕಿಸಿಕೊಂಡ ಪಾಪದವೂ ಇವೆ. ಮಾರನೇ ದಿನ ಲಿಫ್ಟಿನಲ್ಲಿ ಅಂಕಲ್ ಮುಖ ಬೇರೆ ಥರ ಇತ್ತು. ರಾತ್ರಿ ಕೂತು, ಮೊಮ್ಮಗಳ ಕೈಲಿ ತಾವು ಓದಿದ ವಿಶ್ವವಿದ್ಯಾಲಯವನ್ನು ಹುಡುಕಿಸಿದ್ದರಂತೆ. "ನಂದೂ ಪ್ಲಸ್ಸೇ ಕಣಮ್ಮಾ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗಬಹುದಿತ್ತು" ಅಂದರು. ಆವತ್ತು ಒಂದು ದಿನ ಹ್ಞೂಂ ಬರಲಿಲ್ಲ.

ಮಾರನೇ ದಿನದಿಂದ ಸಂಬಳದ ತನಿಖೆ. ನಾನು ಬಾಯಿ ಬಿಡಲಿಲ್ಲ. ಬಿಡುವ ಅಗತ್ಯವೂ ಇರಲಿಲ್ಲ. ಬ್ಲೂ ಕಾರ್ಡ್‌ಗೆ ಇಂತಿಷ್ಟು ಸಂಬಳ ಇರಲೇಬೇಕು ಅಂತ ಅಲ್ಲಿಯ ಸರ್ಕಾರವೇ ಪ್ರಕಟ ಮಾಡುತ್ತದೆ. 2025ಕ್ಕೆ ವರ್ಷಕ್ಕೆ 48,300 ಯೂರೋ. ಐಟಿಯಂಥ, ಜನ ಸಾಲದೇ ಇರುವ ಕೆಲಸಗಳಿಗೆ 43,759 ಯೂರೋ 80 ಸೆಂಟ್. ಯೂರೋಗೆ ನೂರು ರೂಪಾಯಿ ಅಂತ ಹಿಡಿದು, ಕ್ಯಾಲ್ಕುಲೇಟರ್ ಇಲ್ಲದೇ ಲೆಕ್ಕ ಹಾಕಿ, ಸಂಜೆಯೊಳಗೆ ಪಾರ್ಕಿನ ಬೆಂಚಿಗೆಲ್ಲ ಅಂಕಲ್ ಹಂಚಿದ್ದರು. ಅಲ್ಲಿ ಕಟ್ಟಬೇಕಾದ ತೆರಿಗೆ, ಇನ್ಶೂರೆನ್ಸ್, ಬಾಡಿಗೆ ಯಾವುದೂ ಆ ಲೆಕ್ಕದಲ್ಲಿ ಇರಲಿಲ್ಲ. ಅವರ ತಲೆ ಕೊರೆಯುತ್ತಿದ್ದದ್ದು ಆ 80 ಸೆಂಟ್ ಮಾತ್ರ. "ರೌಂಡ್ ಆಫ್ ಯಾಕೆ ಮಾಡಿಲ್ಲ?" ಕೊನೆಗೆ ಅದನ್ನೂ ಅವರೇ ಪತ್ತೆ ಮಾಡಿದರು. ಅಲ್ಲಿ ಪಿಂಚಣಿಗೆ ಹಣ ಮುರಿದುಕೊಳ್ಳಲು ಸಂಬಳದ ಒಂದು ಮಿತಿ ಇದೆ. 2025ಕ್ಕೆ ಅದು 96,600 ಯೂರೋ. ಅದರ ಅರ್ಧ 48,300. ಆ 96,600ರ ಶೇ 45.3 ಲೆಕ್ಕ ಹಾಕಿದರೆ ಆ 80 ಸೆಂಟ್ ಬರುತ್ತದೆ. "ನೋಡಮ್ಮಾ, ಪಿಂಚಣಿಯಿಂದ ಲೆಕ್ಕ ಶುರು ಮಾಡೋ ದೇಶ!" ಅಂತ ಕಣ್ಣು ತುಂಬಿಕೊಂಡರು. ನನಗಿಂತ ಅವರಿಗೇ ಆ ದೇಶ ಜಾಸ್ತಿ ಹೊಂದುತ್ತದೆ ಅಂತ ಅನ್ನಿಸಿತು.

ಅವರ ಹತ್ತಿರ ಒಂದು ಪೇಪರ್ ಕಟಿಂಗ್ ಬೇರೆ ಇದೆ. ನುರಿತ ಕೆಲಸಗಾರರಿಗೆ ಅಂತ ಭಾರತೀಯರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುತ್ತೇವೆ ಅಂತ 2024ರ ಅಕ್ಟೋಬರ್‌ನಲ್ಲಿ ಜರ್ಮನಿ ಹೇಳಿತ್ತಲ್ಲ, ಆ ಸುದ್ದಿ. ಅದನ್ನು ಜೇಬಿನಿಂದ ತೆಗೆದು ನನ್ನ ಮುಂದೆ ಬಿಡಿಸುತ್ತಾರೆ. "90 ಸಾವಿರ ಜನಕ್ಕೆ ಕೊಡ್ತಾರಂತೆ. ನಿನಗೆ ಒಂದು ಕೊಡೋಕೆ ಏನು ಕಷ್ಟ?" ಇದಕ್ಕೆ ನಾನು ಏನಂತ ಉತ್ತರ ಕೊಡಲಿ?

ಇಷ್ಟರ ಮಧ್ಯೆ ಅವರ ತಂಗಿ ಮಗ ಮ್ಯೂನಿಕ್‌ನಲ್ಲಿದ್ದಾನೆ. ನಾನು ಹೋಗುವುದು ಸ್ಟುಟ್‌ಗಾರ್ಟ್‌ಗೆ ಅಂದರೆ "ಒಂದೇ ದೇಶ ಅಲ್ವಾ" ಅಂದರು. ಬೀಳ್ಕೊಡುಗೆಯ ದಿನವೇ ಅವನಿಗೊಂದು ಪ್ಯಾಕೆಟ್ ತಂದುಕೊಟ್ಟರು. ಸುಮ್ನೆ ಅರ್ಧ ಕೆಜಿ ಅಂದಿದ್ದರು. ತೂಗಿ ನೋಡಿದರೆ ಎರಡು ಕೆಜಿಗೂ ಮೇಲಿತ್ತು. ಕೋಡುಬಳೆ, ನಿಪ್ಪಟ್ಟು, ಪುಳಿಯೋಗರೆ ಗೊಜ್ಜು, ನಡುವೆ ಒಂದು ಬಾಟಲಿ ತುಪ್ಪ. ಹೊರಗಿನ ದೇಶಗಳಿಂದ ಹಾಲು, ಮಾಂಸದ ಪದಾರ್ಥ ತರುವುದನ್ನು ಯುರೋಪಿನವರು ಬಿಡುವುದಿಲ್ಲ ಅಂಕಲ್, ತುಪ್ಪ ಬೇಡ ಅಂದೆ. "ತುಪ್ಪ ಹಾಲಿನ ಪದಾರ್ಥ ಹೇಗಾಗುತ್ತಮ್ಮಾ? ಹಾಲು ಕೆಡುತ್ತೆ, ತುಪ್ಪ ಕೆಡಲ್ಲ" ಅಂದರು. ತುಪ್ಪದ ಬಾಟಲಿ ವಾಪಸ್ ಹೋಯಿತು, ಆದರೆ ವಾದದಲ್ಲಿ ಗೆದ್ದವರು ಅವರೇ. ಉಳಿದದ್ದನ್ನು 23 ಕೆಜಿಯ ಸೂಟ್‌ಕೇಸಿನ ತಳಕ್ಕೆ ಒತ್ತಿ ಇಟ್ಟೆ.

ನಿನ್ನೆ ಸಂಜೆ ಬೆಲ್ ಆಯಿತು. ಅಂಕಲ್, ಕೈಯಲ್ಲಿ ಬಟ್ಟೆ ಚೀಲ.

"ಆ ಪ್ಯಾಕೆಟ್ ಕೊಡಮ್ಮಾ."

"ಯಾಕೆ ಅಂಕಲ್?"

"ಬಿ ಬ್ಲಾಕ್ ಹುಡುಗ ಶುಕ್ರವಾರ ಹೊರಟಿದ್ದಾನೆ. ಸ್ಟೂಡೆಂಟ್ ವೀಸಾ. ಬಂದಾಯ್ತು." ಆ 'ಬಂದಾಯ್ತು' ಅನ್ನುವುದನ್ನು ಒಂದು ಸುತ್ತು ಜಾಸ್ತಿ ಎಳೆದರು.

ಕೊಡದೇ ಏನು ಮಾಡಲಿ? ಹಾಲ್‌ನ ನಡುವೆ ಸೂಟ್‌ಕೇಸ್ ಮಲಗಿಸಿ ತೆರೆದೆ. ಕೂರಿಸೋಣ ಅಂದರೆ ಮನೆಯಲ್ಲಿ ಸೋಫಾ ಇಲ್ಲ. ಅಂಕಲ್ ಕೈ ಹಿಂದೆ ಕಟ್ಟಿಕೊಂಡು ನಿಂತೇ ನೋಡುತ್ತಿದ್ದರು. ನಾನು ಒಂದೊಂದೇ ತೆಗೆದಿಟ್ಟೆ. ಸ್ವೆಟರ್ ತೆಗೆದೆ. ಅದೇ ಅಂಕಲ್ ಕೊಟ್ಟ ಮಂಕಿ ಕ್ಯಾಪ್ ತೆಗೆದೆ. "ಇನ್ನೂ ಟ್ಯಾಗ್ ಕಿತ್ತಿಲ್ವಾ?" ಅಂದರು. ಕುಕ್ಕರ್ ತೆಗೆದೆ. "ಅಲ್ಲಿ ಸಿಗಲ್ವಾ?" ಅಂದರು. ಕುಕ್ಕರ್ ಮುಚ್ಚಳ ತೆಗೆದರೆ ಒಳಗೆ ಸಾರಿನಪುಡಿ, ಸಾರಿನಪುಡಿಯ ಕೆಳಗೆ ಎರಡು ಗ್ಯಾಸ್ಕೆಟ್, ಒಂದು ವಿಷಲ್. "ಹ್ಞೂಂ." ಕಡೆಗೆ ಪ್ಯಾಕೆಟ್ ಸಿಕ್ಕಿತು. ನಿಪ್ಪಟ್ಟೆಲ್ಲ ಚೂರುಚೂರು. ಅಂಕಲ್ ಅದನ್ನು ಅಂಗೈ ಮೇಲಿಟ್ಟು ಮೇಲೆ ಕೆಳಗೆ ಆಡಿಸಿದರು. ಒಡವೆ ಸಾಲಕ್ಕೆ ಬಂದ ಬಳೆಗಳನ್ನು ಬ್ಯಾಂಕಿನಲ್ಲಿ ಹಾಗೆ ನೋಡುತ್ತಿದ್ದರೋ ಏನೋ.

"ಹಗುರ ಆಗಿದೆಯಲ್ಲಾ?"

"ಒಣಗಿರಬೇಕು ಅಂಕಲ್" ಅಂತ ಒಳಗಿನ ರೂಮಿನಿಂದ ನನ್ನ ಗಂಡನ ದನಿ ಬಂತು. ಕೋಡುಬಳೆ ಹೇಗೆ ಒಣಗುತ್ತದೆ ಅಂತ ಅಂಕಲ್ ಕೇಳಲಿಲ್ಲ. ಚೀಲಕ್ಕೆ ಹಾಕಿಕೊಂಡರು. ಬಾಗಿಲವರೆಗೆ ಹೋಗಿ ತಿರುಗಿ, "ಬೇಜಾರ್ ಮಾಡ್ಕೋಬೇಡ. ನಿಂದೂ ಬರುತ್ತೆ" ಅಂದರು. ಹತ್ತನೇ ಕ್ಲಾಸ್ ಫೇಲಾದಾಗಲೂ ಯಾರಿಗೂ ಇಷ್ಟು ಸಮಾಧಾನ ಸಿಕ್ಕಿರಲಾರದು.

ಈ ಪ್ರಶ್ನೆ ಕೇಳದೇ ಇರುವವರು ಒಬ್ಬರೇ, ಅಮ್ಮ. ತಿಪಟೂರಿನಿಂದ ದಿನಾ ರಾತ್ರಿ ಫೋನ್ ಮಾಡುತ್ತಾಳೆ. ಊಟ ಆಯ್ತಾ ಅನ್ನುತ್ತಾಳೆ, ಏನು ಮಾಡಿದ್ದೆ ಅನ್ನುತ್ತಾಳೆ, ಎದುರು ಮನೆ ಹಸು ಕರು ಹಾಕಿದ್ದು ಹೇಳುತ್ತಾಳೆ. ವೀಸಾ ಮಾತಿಲ್ಲ. ನಿನ್ನೆ ನಾನೇ "ಇನ್ನೂ ಬಂದಿಲ್ಲ ಕಣಮ್ಮಾ" ಅಂದೆ. "ಬರಲಿ ಬಿಡು, ಅದಕ್ಕೇನು ಅವಸರ" ಅಂದಳು. ಸ್ವಲ್ಪ ತಡೆದು, "ಗೌರಿ ಹಬ್ಬಕ್ಕೆ ಬಾಗಿನಕ್ಕೆ ಮೊರ ತಂದಿಟ್ಟಿದ್ದೀನಿ. ನಿಂದೂ ಸೇರಿಸಿಯೇ ತಂದೆ, ಇರಲಿ ಅಂತ" ಅಂದಳು. ನಾನು ಹೋಗುವುದಕ್ಕೆ ಮೊದಲು ಓಡಾಡಿದ್ದೇ ಅವಳು. ಚಟ್ನಿಪುಡಿ ಮಾಡಿದ್ದು ಅವಳು, ಸಾರಿನಪುಡಿಗೆ ಮೆಣಸಿನಕಾಯಿ ಆರಿಸಿದ್ದು ಅವಳು. ಬೇಡ ಅಂತ ಒಂದು ದಿನವೂ ಹೇಳಿಲ್ಲ. ಫೋನ್ ಇಟ್ಟ ಮೇಲೆ ಹೇಗೂ ತೆರೆದೇ ಇದೆಯಲ್ಲ ಅಂತ ಸೂಟ್‌ಕೇಸಿನಿಂದ ಚಟ್ನಿಪುಡಿ ತೆಗೆದು, ಅನ್ನಕ್ಕೆ ಕಲಸಿಕೊಂಡು ತಿಂದೆವು.

ಇವತ್ತು ಬೆಳಗ್ಗೆ ವೀಸಾ ಕಚೇರಿಯಿಂದ ಮೇಲ್ ಬಂತು! ಲಿಫ್ಟಿನವರೆಗೂ ಓಡಿಹೋಗಿ ಅಂಕಲ್‌ಗೆ ಹೇಳಿಬಿಡೋಣ ಅನ್ನಿಸಿತು. ಓದಿದರೆ, ಅಲ್ಲಿಯ ಕಂಪನಿ ತುಂಬಿಕೊಡುವ ಫಾರಂನಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿಲ್ಲ, ಹಾಕಿಸಿ ಕಳಿಸಿ ಅಂತಿತ್ತು. ತಕ್ಷಣ ಅಲ್ಲಿಯ ಎಚ್‌ಆರ್‌ಗೆ ಮೇಲ್ ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ನಾನು ಸೆಪ್ಟೆಂಬರ್ 1ರವರೆಗೆ ರಜೆಯಲ್ಲಿದ್ದೇನೆ, ನಿಮ್ಮ ಮೇಲ್ ಬೇರೆ ಯಾರಿಗೂ ಹೋಗುವುದಿಲ್ಲ ಅಂತ. ಕೋಪ ಮಾಡಿಕೊಳ್ಳುವ ಹಾಗೂ ಇಲ್ಲ. ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ವರ್ಷಕ್ಕೆ ಕಡಿಮೆ ಅಂದರೂ 20 ದಿನ ಸಂಬಳ ಸಹಿತ ರಜೆ ಕೊಡಲೇಬೇಕು ಅಂತ ಅಲ್ಲಿ ಕಾನೂನಿದೆ. ನಾನು ಈ ಕೆಲಸ ಒಪ್ಪಿಕೊಂಡಿದ್ದಕ್ಕೆ ಅದೂ ಒಂದು ಕಾರಣ.

ಗೇಟಿನ ಹತ್ತಿರ ಹೋಗಿ ಪೇಪರ್ ಹಾಕುವ ಹುಡುಗನನ್ನು ನಿಲ್ಲಿಸಿ, ನಾಳೆಯಿಂದ ನಮ್ಮ ಮನೆಗೆ ಮತ್ತೆ ಪೇಪರ್ ಹಾಕಪ್ಪಾ ಅಂದೆ. ಅವನು ಸೈಕಲ್ ಮೇಲಿಂದ ಒಂದು ಕಾಲು ಊರಿ, ಬಾಲ್ಕನಿಯ ಟು-ಲೆಟ್ ಬೋರ್ಡ್ ನೋಡಿ, ನನ್ನ ಮುಖ ನೋಡಿ, "ದುಡ್ಡು ಅಡ್ವಾನ್ಸ್ ಕೊಟ್ಬಿಡಿ ಆಂಟಿ" ಅಂದ.